ಗೋಧಿಯ ಹೊಲದಲ್ಲಿ ಹಣಜಿ

ಚರ್ಚು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರದ ಗೋಪುರ, ಗಂಟೆ, ಬಣ್ಣದ ಗಾಜಿನ ಕಿಟಕಿ. ಆದರೆ ಮೊದಲ ಇನ್ನೂರು ವರ್ಷಗಳ ಕಾಲ ಕ್ರೈಸ್ತರಿಗೆ ಹೇಳಿಕೊಳ್ಳುವಂಥ ಕಟ್ಟಡವೇ ಇರಲಿಲ್ಲ. ಯಾರದೋ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದರು. ತಮ್ಮ ಕೂಟಕ್ಕೆ ಅವರು ಬಳಸಿದ ಗ್ರೀಕ್ ಶಬ್ದ ಎಕ್ಲೇಸಿಯ. ಕರೆ ಕೇಳಿ ಬಂದು ನೆರೆದ ಜನ ಎಂದು ಅದರ ಅರ್ಥ. ಕನ್ನಡದ ಕ್ರೈಸ್ತರು ಇದಕ್ಕೆ ‘ಸಭೆ’ ಎಂಬ ಮಾತನ್ನು ರೂಢಿಸಿಕೊಂಡಿದ್ದಾರೆ. ಅದು ಇಂಗ್ಲಿಷಿನ ಶಬ್ದಕ್ಕಿಂತ ಮೂಲಕ್ಕೆ ಹತ್ತಿರವಾದದ್ದು ಎಂದು ನನಗೆ ತೋರುತ್ತದೆ. ಕಟ್ಟಡವಾದರೆ ಗೋಡೆ ನೆಟ್ಟಗಿದೆಯೆ, ಮಾಡು ಸೋರುತ್ತದೆಯೆ ಎಂದು ಕೇಳಬಹುದು. ಸಭೆಯಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಯಾರು ಕುಳಿತುಕೊಳ್ಳಬಹುದು? ಒಮ್ಮೆ ಕುಳಿತವನು ತಪ್ಪಿದರೆ ಅವನನ್ನು ಏನು ಮಾಡಬೇಕು? ಎದ್ದು ಹೋದವನು ಮತ್ತೆ ಬಾಗಿಲಿಗೆ ಬಂದು ನಿಂತರೆ?

ಈ ಪ್ರಶ್ನೆಯ ಮೇಲೆ ಕ್ರೈಸ್ತರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದರು. ತ್ರಿತ್ವದ ತತ್ತ್ವದ ಬಗೆಗೆ ನಡೆದ ವಾದಗಳು ಗ್ರಂಥಗಳಲ್ಲಿ ಹೆಚ್ಚು ಜಾಗ ಪಡೆದಿವೆ, ನಿಜ. ಆದರೆ ಬೀದಿಯ ಮನುಷ್ಯನನ್ನು ಮುಟ್ಟಿದ ಜಗಳ ಇದು. ಎರಡು ಕಡೆಯವರೂ ಎತ್ತಿಕೊಂಡ ಸಾಮ್ಯ ಮತ್ತಾಯನ ಸುವಾರ್ತೆಯದು. ಯಜಮಾನನೊಬ್ಬ ಹೊಲಕ್ಕೆ ಒಳ್ಳೆಯ ಗೋಧಿ ಹಾಕಿಸಿದ. ರಾತ್ರಿ ವೈರಿ ಬಂದು ನಡುನಡುವೆ ಹಣಜಿ ಬಿತ್ತಿ ಹೋದ. ಕಿತ್ತುಬಿಡೋಣವೆ ಎಂದು ಆಳುಗಳು ಕೇಳಿದಾಗ, ಗೋಧಿಯೂ ಜೊತೆಗೆ ಕಿತ್ತು ಬಂದೀತು, ಸುಗ್ಗಿಯವರೆಗೆ ಎರಡೂ ಇರಲಿ ಎಂದು ಯಜಮಾನ ತಡೆದ. ಹಣಜಿ ತೆನೆ ಬಿಡುವವರೆಗೆ ಗೋಧಿಯಂತೆಯೇ ಕಾಣುವ ಹುಲ್ಲು. ಭತ್ತದ ಗದ್ದೆಯಲ್ಲಿ ಕಳೆ ತೆಗೆದವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಎಷ್ಟು ಪಳಗಿದ ಕೈಯಾದರೂ ಹತ್ತು ಕಳೆಯ ಜೊತೆಗೆ ಒಂದೆರಡು ಪೈರನ್ನೂ ಎಳೆದೇ ಎಳೆಯುತ್ತದೆ.

ಸಾಮ್ಯವನ್ನು ಸಭೆಯ ಆಡಳಿತಕ್ಕೆ ಅನ್ವಯಿಸಿದವರಲ್ಲಿ ಮೊದಮೊದಲಿನವನು ರೋಮಿನ ಬಿಷಪ್ ಕ್ಯಾಲಿಸ್ಟಸ್. ಇವನ ಜೀವನ ವೃತ್ತಾಂತ ನಮಗೆ ತಿಳಿದಿರುವುದು ಇವನ ಪರಮ ವೈರಿಯ ಬರಹದಿಂದ ಎಂಬುದು ಚರಿತ್ರೆಯ ಒಂದು ವಿನೋದ. ಅಥೋಸ್ ಬೆಟ್ಟದ ಮಠವೊಂದರಲ್ಲಿ 1842ರಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. 1851ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚಾಯಿತು. ಅದನ್ನು ಬರೆದವನು ರೋಮಿನ ಪಂಡಿತ ಹಿಪ್ಪೊಲಿಟಸ್ ಎಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಅದರ ಪ್ರಕಾರ ಕ್ಯಾಲಿಸ್ಟಸ್ ಒಬ್ಬ ಗುಲಾಮ. ಅವನ ಒಡೆಯ ಕಾರ್ಪೊಫೋರಸ್ ಎಂಬ ಕ್ರೈಸ್ತ. ಒಡೆಯ ಕೊಟ್ಟ ಹಣದಿಂದ ಗುಲಾಮ ಲೇವಾದೇವಿಯ ಅಂಗಡಿ ತೆರೆದ, ವಿಧವೆಯರೂ ಸಹಧರ್ಮಿಗಳೂ ಅವನಲ್ಲಿ ಠೇವಣಿಯಿಟ್ಟರು, ಎಲ್ಲವೂ ಮುಳುಗಿತು. ಹಡಗು ಹತ್ತಿ ಓಡಲು ನೋಡಿದ; ಒಡೆಯ ಬಂದುದನ್ನು ಕಂಡು ಸಮುದ್ರಕ್ಕೆ ಹಾರಿದ; ಹಿಡಿದು ತಂದು ಗಾಣದೆತ್ತಿನಂತೆ ಹಿಟ್ಟಿನ ಕಲ್ಲಿಗೆ ಕಟ್ಟಿದರು. ಮುಂದೆ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ ಗಲಭೆ ಮಾಡಿದನೆಂದು ಸಾರ್ಡಿನಿಯಾ ದ್ವೀಪದ ಗಣಿಗಳಿಗೆ ಸಾಗಿಸಿದರು. ಸುಮಾರು 190ರಲ್ಲಿ ಚಕ್ರವರ್ತಿ ಕೊಮ್ಮೊಡಸನ ಪ್ರೇಯಸಿ ಮಾರ್ಸಿಯಾ ಗಣಿಯಲ್ಲಿದ್ದ ಕ್ರೈಸ್ತರನ್ನು ಬಿಡಿಸುವ ಮನಸ್ಸು ಮಾಡಿದಳು. ರೋಮಿನ ಬಿಷಪ್ ವಿಕ್ಟರ್ ಕೊಟ್ಟ ಪಟ್ಟಿಯಲ್ಲಿ ಕ್ಯಾಲಿಸ್ಟಸನ ಹೆಸರಿರಲಿಲ್ಲ. ಅವನು ಬಂದವರ ಕಾಲು ಹಿಡಿದು ಅತ್ತು ಹೇಗೋ ಬಿಡುಗಡೆ ಪಡೆದ.

ಇಂಥವನು 217ರ ಸುಮಾರಿಗೆ ರೋಮಿನ ಬಿಷಪ್ ಆದ. ನಡುವೆ ಅವನು ಸಭೆಯ ಸ್ಮಶಾನದ ಮೇಲ್ವಿಚಾರಕನಾಗಿದ್ದ. ಆಪಿಯನ್ ರಸ್ತೆಯ ಪಕ್ಕದಲ್ಲಿ ನೆಲದಡಿಯಲ್ಲಿ ಹಬ್ಬಿರುವ ಆ ಸ್ಮಶಾನಕ್ಕೆ ಇಂದಿಗೂ ಅವನ ಹೆಸರೇ ಇದೆ. ವೈರಿಯ ಬರಹವೆಂದು ಒಂದಷ್ಟು ಸೋಡಿ ಬಿಡಬೇಕು. ಆದರೂ ದಿವಾಳಿ ಎದ್ದವನೂ ಗಣಿಯ ಕೈದಿಯೂ ಆಗಿದ್ದ ಮನುಷ್ಯ ಪೀಠವೇರಿದನೆಂಬುದನ್ನು ಕಟ್ಟುಕತೆಯೆಂದು ತಳ್ಳಿಹಾಕಲು ಕಾರಣವಿಲ್ಲ. ಕ್ಯಾಲಿಸ್ಟಸ್ ಮಾಡಿದ ಅಪರಾಧಗಳೆಂದು ಹಿಪ್ಪೊಲಿಟಸ್ ಪಟ್ಟಿ ಮಾಡಿರುವುದನ್ನು ಈಗ ಓದಿದರೆ ಅದು ಪ್ರಶಸ್ತಿಪತ್ರದಂತೆ ಕಾಣುತ್ತದೆ. ದೇಹದ ಪಾಪಗಳಲ್ಲಿ ಬಿದ್ದವರಿಗೂ ಪ್ರಾಯಶ್ಚಿತ್ತವಾದ ಮೇಲೆ ಸಭೆಯಲ್ಲಿ ಜಾಗವುಂಟೆಂದನಂತೆ. ಕುಲೀನ ಸ್ತ್ರೀ ಗುಲಾಮನನ್ನು ಗಂಡನೆಂದು ಸ್ವೀಕರಿಸಿದರೆ, ರೋಮಿನ ಕಾನೂನು ಒಪ್ಪದಿದ್ದರೂ ಸಭೆ ಒಪ್ಪುತ್ತದೆಯೆಂದನಂತೆ. ಇದಕ್ಕೆಲ್ಲ ಅವನು ಕೊಟ್ಟ ಆಧಾರ ಎರಡು. ಒಂದು ಹಣಜಿಯ ಸಾಮ್ಯ. ಇನ್ನೊಂದು ನೋಹನ ನಾವೆ: ಅದರಲ್ಲಿ ನಾಯಿಗಳಿದ್ದುವು, ತೋಳಗಳಿದ್ದುವು, ಕಾಗೆಗಳಿದ್ದುವು, ಶುದ್ಧ ಅಶುದ್ಧ ಪ್ರಾಣಿಗಳೆಲ್ಲ ಇದ್ದುವು, ಸಭೆಯೂ ಹಾಗೆಯೇ. ಗಣಿಯಲ್ಲಿ ಕಲ್ಲು ಒಡೆದು ಬಂದವನಿಗೆ ಹೊಳೆಯಬಹುದಾದ ಉಪಮೆ ಇದು.

ಹಿಪ್ಪೊಲಿಟಸ್ ಸಣ್ಣವನಲ್ಲ, ದೊಡ್ಡ ವಿದ್ವಾಂಸ, ನಿಷ್ಠುರವಾದಿ. ಬಾಗಿಲು ಅಗಲ ಮಾಡಿದರೆ ಒಳಗಿನ ದೀಪ ಆರುತ್ತದೆಂಬ ಅವನ ಭಯವೂ ಸುಳ್ಳಲ್ಲ. ಅವನು ಬೇರೆ ಗುಂಪು ಕಟ್ಟಿದ. 235ರಲ್ಲಿ ಸರಕಾರ ಹಿಪ್ಪೊಲಿಟಸನನ್ನೂ ಆಗಿನ ರೋಮಿನ ಬಿಷಪ್ ಪೊಂಟಿಯಾನಸನನ್ನೂ ಒಟ್ಟಿಗೇ ಹಿಡಿದು ಸಾರ್ಡಿನಿಯಾಕ್ಕೆ ಗಡೀಪಾರು ಮಾಡಿತು. ಕ್ಯಾಲಿಸ್ಟಸ್ ಇದ್ದು ಬಂದ ಅದೇ ದ್ವೀಪ. ಇಬ್ಬರ ದೇಹಗಳನ್ನೂ ರೋಮಿಗೆ ತಂದು ಒಂದೇ ದಿನ, ಆಗಸ್ಟ್ 13ರಂದು, ಸಮಾಧಿ ಮಾಡಿದರೆಂದು ಹಳೆಯ ಪಂಚಾಂಗ ಹೇಳುತ್ತದೆ. ಬಿಷಪ್ಪನನ್ನು ಧಿಕ್ಕರಿಸಿ ಹೊರಟಿದ್ದ ಪಂಡಿತನನ್ನು ಸಭೆ ತನ್ನ ಸಂತರ ಸಾಲಿನಲ್ಲಿ ಸೇರಿಸಿಕೊಂಡಿತು.

ಇಷ್ಟು ದಿನ ಪ್ರಶ್ನೆ ಹತ್ತಿಪ್ಪತ್ತು ಜನರದಾಗಿತ್ತು. 249ರ ಕೊನೆಗೋ 250ರ ಮೊದಲಿಗೋ ಚಕ್ರವರ್ತಿ ಡೀಸಿಯಸ್ ಹೊರಡಿಸಿದ ಆಜ್ಞೆ ಅದನ್ನು ಸಾವಿರಾರು ಜನರ ಪ್ರಶ್ನೆಯಾಗಿ ಮಾಡಿತು. ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಪ್ರಸಾದ ತಿಂದು, ಅಧಿಕಾರಿಗಳಿಂದ ರುಜು ಹಾಕಿಸಿಕೊಂಡ ಚೀಟಿ ಪಡೆಯಬೇಕು. ಈಜಿಪ್ಟಿನ ಮರಳಿನಲ್ಲಿ ಇಂಥ ಚೀಟಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಕ್ಕಣೆ ಹೆಚ್ಚುಕಡಮೆ ಒಂದೇ: ನಾನು ಸದಾ ದೇವತೆಗಳಿಗೆ ನಡೆದುಕೊಂಡವನು, ಈಗಲೂ ನಿಮ್ಮೆದುರಿಗೆ ನಡೆದುಕೊಂಡಿದ್ದೇನೆ, ದಯವಿಟ್ಟು ರುಜು ಮಾಡಬೇಕು. ಮೊಸಳೆ ದೇವತೆಯ ಪೂಜಾರಿಣಿಯೊಬ್ಬಳೂ ಚೀಟಿ ಮಾಡಿಸಿಕೊಂಡಿದ್ದಾಳೆ. ಸರಕಾರದ ಕಚೇರಿ ಎಂದಿಗೂ ಹಾಗೆಯೇ. ಪೂಜಾರಿಣಿಗೂ ಭಕ್ತಿಯ ದಾಖಲೆ ಬೇಕು.

ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ ಕ್ರೈಸ್ತರು ದೇವಸ್ಥಾನದ ಮುಂದೆ ಮುಗಿಬಿದ್ದರು. ಹೊತ್ತಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ, ಇವತ್ತೇ ಮುಗಿಸಿಕೊಡಿ ಎಂದು ಬೇಡಿಕೊಂಡವರಿದ್ದರಂತೆ. ಇದನ್ನು ಬರೆದವನು ಅಲ್ಲಿಯ ಬಿಷಪ್ ಸಿಪ್ರಿಯನ್. ಕೆಲವರು ಬಲಿ ಕೊಟ್ಟಿದ್ದರು. ಕೆಲವರು ಧೂಪ ಹಾಕಿದ್ದರು. ಇನ್ನು ಕೆಲವರು ಏನೂ ಮಾಡದೆ ಲಂಚ ಕೊಟ್ಟು ಚೀಟಿ ತಂದಿದ್ದರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ತಿರುಗಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ಕುಳಿತಿದ್ದವರು ಸೆರೆಮನೆಯಲ್ಲಿ ಚಿತ್ರಹಿಂಸೆಗೆ ಬಗ್ಗದೆ ಬದುಕಿ ಬಂದವರು. ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರು. ಅವರ ಪಕ್ಕದಲ್ಲಿ ಇವರನ್ನು ಹೇಗೆ ಕೂರಿಸುವುದು? ಇದು ಪುಸ್ತಕದ ಪ್ರಶ್ನೆಯಲ್ಲ.

ಸಿಪ್ರಿಯನ್ನನ ಸ್ಥಿತಿ ವಿಚಿತ್ರ. ಆಜ್ಞೆ ಬಂದಾಗ ಅವನು ಊರು ಬಿಟ್ಟು ಅಡಗಿಕೊಂಡಿದ್ದ. ಸಭೆಯ ಹಿತಕ್ಕಾಗಿ ಎಂದು ಅವನ ಸಮಾಧಾನ. ಹೆದರಿ ಎಂದು ಆಗದವರ ಮಾತು. ಈ ಮಧ್ಯೆ ಸೆರೆಯಿಂದ ಬಂದ ವೀರರು ಬಿದ್ದವರಿಗೆ ಕ್ಷಮಾಪತ್ರಗಳನ್ನು ಧಾರಾಳವಾಗಿ ಬರೆದುಕೊಡತೊಡಗಿದರು. ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ ಎಂದಷ್ಟೇ ಬರೆದ ಪತ್ರಗಳಿದ್ದುವು. ಕಡೆಯವರು ಎಂದರೆ ಇಪ್ಪತ್ತು ಜನವೊ ಮೂವತ್ತು ಜನವೊ! ಚಿತ್ರಹಿಂಸೆ ಅನುಭವಿಸಿದವರೇ ಹೆಚ್ಚು ಉದಾರಿಗಳಾದರು ಎಂಬುದನ್ನು ವಾಚಕರು ಗಮನಿಸಬೇಕು. ಕೊನೆಗೆ 251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ಪರ ಸಭೆ ಸೇರಿ ನಡುದಾರಿಯೊಂದನ್ನು ಹಿಡಿಯಿತು. ಚೀಟಿ ಮಾತ್ರ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲಿರಬೇಕು, ಸಾಯುವ ಹೊತ್ತಿನಲ್ಲಿ ಅವರಿಗೂ ಬಾಗಿಲು ತೆರೆಯಬೇಕು. ಎರಡು ವರ್ಷವಾಗುವಷ್ಟರಲ್ಲಿ ಮತ್ತೊಂದು ಹಿಂಸೆಯ ಸುಳಿವು ಕಂಡಿತು. ಆಗ ಪ್ರಾಯಶ್ಚಿತ್ತದಲ್ಲಿದ್ದವರನ್ನೆಲ್ಲ ಒಳಗೆ ಕರೆದುಕೊಂಡರು. ಯುದ್ಧಕ್ಕೆ ಹೋಗುವವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಅವರು ಕೊಟ್ಟ ಕಾರಣ. ಸಿಪ್ರಿಯನ್ 258ರ ಸೆಪ್ಟೆಂಬರ್ 14ರಂದು ಕತ್ತಿಗೆ ತಲೆಯೊಡ್ಡಿದ. ಹೇಡಿಯೆಂದು ಅವನನ್ನು ಯಾರೂ ಆಮೇಲೆ ಕರೆಯಲಿಲ್ಲ.

ಇದೇ ಕಾಲದ ಒಂದು ಸಣ್ಣ ಘಟನೆಯನ್ನು ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಪತ್ರವೊಂದರಲ್ಲಿ ಬರೆದಿದ್ದಾನೆ; ಚರಿತ್ರಕಾರ ಯೂಸೀಬಿಯಸ್ ಅದನ್ನು ಉಳಿಸಿದ್ದಾನೆ. ಬಿಷಪ್ಪರ ಸಭೆಗಳ ನಿರ್ಣಯಗಳಿಗಿಂತ ಇದು ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಸೆರಾಪಿಯನ್ ಎಂಬ ಮುದುಕ. ಬಹುಕಾಲ ನಿಷ್ಕಳಂಕವಾಗಿ ಬಾಳಿದ್ದವನು ಹಿಂಸೆಯ ದಿನಗಳಲ್ಲಿ ಬಲಿ ಕೊಟ್ಟುಬಿಟ್ಟ. ಆಮೇಲೆ ಎಷ್ಟು ಬೇಡಿದರೂ ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ ಪ್ರಜ್ಞೆಯಿಲ್ಲದೆ ಇದ್ದ; ನಾಲ್ಕನೆಯ ದಿನ ತುಸು ಎಚ್ಚರವಾಗಿ, ಮೊಮ್ಮಗನನ್ನು ಹತ್ತಿರ ಕರೆದು, ನನ್ನನ್ನು ಇನ್ನೆಷ್ಟು ದಿನ ಹಿಡಿದಿಟ್ಟುಕೊಳ್ಳುತ್ತೀರಿ, ಹೋಗಿ ಪಾದ್ರಿಯನ್ನು ಕರೆದುಕೊಂಡು ಬಾ ಎಂದ. ಹುಡುಗ ಓಡಿದ. ರಾತ್ರಿ. ಪಾದ್ರಿಗೂ ಮೈಯಲ್ಲಿ ಸ್ವಸ್ಥವಿಲ್ಲ, ಏಳುವಂತಿಲ್ಲ. ಆದರೆ ಸಾಯುತ್ತಿರುವವರು ಕೇಳಿಕೊಂಡರೆ ಕ್ಷಮೆ ಕೊಡಬೇಕೆಂದು ಡಯೊನೀಸಿಯಸ್ ಅಪ್ಪಣೆ ಮಾಡಿದ್ದ. ಪಾದ್ರಿ ಪ್ರಭುಭೋಜನದ ರೊಟ್ಟಿಯ ಒಂದು ಚೂರನ್ನು ಹುಡುಗನ ಕೈಯಲ್ಲಿಟ್ಟು, ಇದನ್ನು ನೆನೆಸಿ ತಾತನ ಬಾಯಲ್ಲಿ ಹಿಂಡು ಎಂದ. ಹುಡುಗ ಇನ್ನೂ ಒಳಗೆ ಕಾಲಿಡುವಷ್ಟರಲ್ಲೇ ಮುದುಕ, ಬಂದೆಯಾ ಮಗು, ಪಾದ್ರಿ ಬರಲಾಗಲಿಲ್ಲವಲ್ಲ, ಹೇಳಿದ್ದನ್ನು ಬೇಗ ಮಾಡಿ ನನ್ನನ್ನು ಕಳುಹಿಸಿಕೊಡು ಎಂದ. ಹುಡುಗ ನೆನೆಸಿ ಬಾಯಲ್ಲಿ ಬಿಟ್ಟ. ಸ್ವಲ್ಪ ನುಂಗಿದೊಡನೆ ಪ್ರಾಣ ಹೋಯಿತು. ಸಾಯುವವನ ಬಾಯಿಗೆ ಗಂಗೋದಕ ಬಿಡುವ ದೇಶದವರಾದ ನಮಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ.

ರೋಮಿನಲ್ಲಿ ನೊವೇಷಿಯನ್ ಎಂಬ ವಿದ್ವಾಂಸ ಇದನ್ನೆಲ್ಲ ಒಪ್ಪಲಿಲ್ಲ. ಬಲಿ ಕೊಟ್ಟವನನ್ನು ದೇವರು ಬೇಕಾದರೆ ಕ್ಷಮಿಸಲಿ, ಸಭೆಗೆ ಆ ಅಧಿಕಾರವಿಲ್ಲ ಎಂದು ಅವನ ಪಕ್ಷ. ಅವನ ಅನುಯಾಯಿಗಳಿಗೆ ಶುದ್ಧರು ಎಂದು ಹೆಸರು. ಇವರು ಕೆಟ್ಟವರೇನಲ್ಲ, ಶಿಸ್ತಿನ ಜನ, ಹಲವು ಶತಮಾನ ಬಾಳಿದರು. 325ರ ನೈಸಿಯಾ ಸಮ್ಮೇಳನಕ್ಕೆ ಅವರ ಬಿಷಪ್ ಅಸೀಸಿಯಸನನ್ನೂ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆಸಿದ್ದ. ನಮ್ಮೊಡನೆ ಸೇರಲು ಏನು ಅಡ್ಡಿ ಎಂದು ಕೇಳಿದ. ಅಸೀಸಿಯಸ್ ತನ್ನ ಪಂಗಡದ ನಿಯಮವನ್ನು ವಿವರಿಸಿದ. ಹಾಗಾದರೆ ಒಂದು ಏಣಿ ತಂದುಕೊಂಡು ನೀನೊಬ್ಬನೇ ಸ್ವರ್ಗಕ್ಕೆ ಹತ್ತಿ ಹೋಗಪ್ಪ ಎಂದನಂತೆ ಚಕ್ರವರ್ತಿ. ಚರಿತ್ರಕಾರ ಸಾಕ್ರಟೀಸ್ ಇದನ್ನು ದಾಖಲೆ ಮಾಡಿದ್ದಾನೆ. ಇವನು ವಿಷ ಕುಡಿದ ತತ್ತ್ವಜ್ಞಾನಿಯಲ್ಲ, ಐದನೆಯ ಶತಮಾನದವನು.

ಅಷ್ಟರಲ್ಲಿ ಆಫ್ರಿಕದಲ್ಲಿ ಎರಡನೆಯ, ಹೆಚ್ಚು ಕಠಿಣವಾದ ಪರೀಕ್ಷೆ ನಡೆದುಹೋಗಿತ್ತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಪ್ರಾರ್ಥನಾಮಂದಿರಗಳನ್ನು ಕೆಡವಿ ಪವಿತ್ರ ಗ್ರಂಥಗಳನ್ನು ಸುಡಬೇಕೆಂದು ಆಜ್ಞೆ ಮಾಡಿದ. ಈಗ ಅಲ್ಜೀರಿಯಾದಲ್ಲಿರುವ ಕಾನ್‌ಸ್ಟಂಟೈನ್ ನಗರಕ್ಕೆ ಆಗ ಸಿರ್ಟಾ ಎಂದು ಹೆಸರು. 303ರ ಮೇ 19ರಂದು ಅಲ್ಲಿಯ ನಗರಾಧಿಕಾರಿ ಮುನಾಷಿಯಸ್ ಫೆಲಿಕ್ಸ್ ಕ್ರೈಸ್ತರು ಕೂಡುವ ಮನೆಗೆ ಜಪ್ತಿಗೆ ಹೋದ. ಗುಮಾಸ್ತ ಬರೆದುಕೊಂಡ ಪಂಚನಾಮೆ ಹಾಗೆಯೇ ಉಳಿದು ಬಂದಿದೆ. ಎರಡು ಚಿನ್ನದ ಪಾತ್ರೆ, ಆರು ಬೆಳ್ಳಿಯ ಪಾತ್ರೆ, ಆರು ಬೆಳ್ಳಿಯ ಹೂಜಿ, ಏಳು ಬೆಳ್ಳಿ ದೀಪ, ಸರಪಳಿಯ ಸಹಿತ ಹನ್ನೊಂದು ಕಂಚಿನ ದೀಪ. ಅದಾದ ಮೇಲೆ ಹೆಂಗಸರ ಅಂಗಿ 82, ಮುಸುಕು 38, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರ ಪಾದರಕ್ಷೆ 47 ಜೊತೆ. ಬಡಬಗ್ಗರಿಗೆ ಹಂಚಲು ಇಟ್ಟುಕೊಂಡಿದ್ದ ಬಟ್ಟೆಬರೆಗಳೆಂದು ವಿದ್ವಾಂಸರು ಊಹಿಸುತ್ತಾರೆ. ಆ ಸಭೆಗೆ ಯಾರು ಬರುತ್ತಿದ್ದರು ಎಂಬುದನ್ನು ನಲವತ್ತೇಳು ಜೊತೆ ಹೆಂಗಸರ ಪಾದರಕ್ಷೆಗಳು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಹೇಳುತ್ತವೆ.

ಬಿಷಪ್ ಪೌಲಸ್ ಸುಮ್ಮನೆ ಕುಳಿತಿದ್ದ. ಪುಸ್ತಕಗಳೆಲ್ಲಿ ಎಂದು ಕೇಳಿದರೆ ವಾಚಕರ ಹತ್ತಿರ ಎಂದ. ಒಂದು ದೊಡ್ಡ ಹೊತ್ತಗೆಯನ್ನು ಕಿರಿಯ ಸೇವಕನೊಬ್ಬ ತಂದುಕೊಟ್ಟ. ವಾಚಕರ ಮನೆ ತೋರಿಸು ಎಂದಾಗ ಅವನೂ ಅವನ ಜೊತೆಗಾರನೂ, ನಾವು ಹಿಡಿದುಕೊಡುವವರಲ್ಲ, ಬೇಕಾದರೆ ಕೊಲ್ಲಿಸಿ ಎಂದರು. ಅವರಿಬ್ಬರನ್ನು ಬಂಧಿಸಿದರು. ಬೇರೆಯವರು ಮನೆ ತೋರಿಸಿದರು. ಒಬ್ಬ ವಾಚಕ ನಾಲ್ಕು ಪುಸ್ತಕ ಕೊಟ್ಟ, ನೆಲಕ್ಕೆ ಬಣ್ಣದ ಕಲ್ಲು ಕೂರಿಸುವ ಕೆಲಸದ ಫೆಲಿಕ್ಸ್ ಐದು ಕೊಟ್ಟ, ಇನ್ನೊಬ್ಬ ಎಂಟು, ಮೇಷ್ಟರೊಬ್ಬ ಎರಡು ಪುಸ್ತಕವನ್ನೂ ನಾಲ್ಕು ಬಿಡಿ ಕಟ್ಟನ್ನೂ ಕೊಟ್ಟ. ಕೊಡ್ಡಿಯೊ ಎಂಬವನು ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಆರನ್ನು ತಂದಿಟ್ಟಳು. ಇನ್ನೇನಾದರೂ ಇದ್ದರೆ ತೆಗೆ ಎಂದು ಗದರಿಸಿದರು, ಆಳನ್ನು ಒಳಕ್ಕೆ ಕಳುಹಿಸಿ ಹುಡುಕಿಸಿದರು, ಸಿಗಲಿಲ್ಲ. ವೀರರೂ ಹೇಡಿಗಳೂ, ಎರಡೂ ಅಲ್ಲದವರೂ ಒಂದೇ ಬೀದಿಯಲ್ಲಿ ಅಕ್ಕಪಕ್ಕ ಇದ್ದರೆಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಬೇರೊಂದು ದಾಖಲೆಯನ್ನು ನಾನು ಓದಿಲ್ಲ.

ಹೀಗೆ ಗ್ರಂಥಗಳನ್ನು ಒಪ್ಪಿಸಿದವರಿಗೆ ಲ್ಯಾಟಿನ್ನಿನಲ್ಲಿ ಟ್ರಾಡಿಟರ್ ಎಂದು ಹೆಸರಾಯಿತು. ಹಿಂಸೆ ನಿಂತ ಮೇಲೆ, 311–12ರ ಸುಮಾರಿಗೆ, ಕಾರ್ಥೇಜಿಗೆ ಸಿಸಿಲಿಯನ್ ಎಂಬವನು ಬಿಷಪ್ಪನಾಗಿ ಆಯ್ಕೆಯಾದ. ಅವನ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟ ಮೂವರಲ್ಲಿ ಆಪ್ಟುಂಗದ ಫೆಲಿಕ್ಸ್ ಒಬ್ಬ. ಇವನು ಗ್ರಂಥ ಒಪ್ಪಿಸಿದವನು, ಇವನ ಕೈ ಮೈಲಿಗೆ, ಆದುದರಿಂದ ಸಿಸಿಲಿಯನ್ ಬಿಷಪ್ಪನೇ ಅಲ್ಲ ಎಂದು ನುಮಿಡಿಯಾದ ಸುಮಾರು ಎಪ್ಪತ್ತು ಬಿಷಪ್ಪರು ಕೂಡಿ ಸಾರಿ, ಬೇರೊಬ್ಬನನ್ನು ಪೀಠದಲ್ಲಿ ಕೂರಿಸಿದರು. ಅವನ ತರುವಾಯ ಬಂದವನೇ ಡೊನೇಟಸ್. ಪಂಗಡಕ್ಕೆ ಅವನ ಹೆಸರು ನಿಂತಿತು. ತೆರೆಯ ಹಿಂದೆ ಲೂಸಿಲ್ಲ ಎಂಬ ಶ್ರೀಮಂತ ಹೆಂಗಸಿನ ಸಿಟ್ಟೂ ಕೆಲಸ ಮಾಡಿತೆಂದು ಎದುರು ಪಕ್ಷದವರು ಹೇಳುತ್ತಾರೆ: ಆಕೆ ಪ್ರಭುಭೋಜನಕ್ಕೆ ಮೊದಲು ಯಾವನೋ ಹುತಾತ್ಮನ ಎಲುಬಿಗೆ ಮುತ್ತಿಡುತ್ತಿದ್ದುದನ್ನು ಸಿಸಿಲಿಯನ್ ಖಂಡಿಸಿದ್ದನಂತೆ. ಚರಿತ್ರೆಯಲ್ಲಿ ಇಂಥ ಕಾರಣಗಳಿಗೆ ಇರುವುದಕ್ಕಿಂತ ಹೆಚ್ಚು ತೂಕ ಕೊಡಬಾರದು, ಇಲ್ಲವೆನ್ನಲೂ ಬಾರದು.

ಡೊನೇಟಸನ ಪಕ್ಷದ ತರ್ಕ ನೇರವಾದದ್ದು. ತನ್ನಲ್ಲಿಲ್ಲದ್ದನ್ನು ಯಾರೂ ಕೊಡಲಾರರು. ಪವಿತ್ರಾತ್ಮವನ್ನು ಕಳೆದುಕೊಂಡ ಬಿಷಪ್ ದೀಕ್ಷೆ ಕೊಟ್ಟರೆ ಅದು ದೀಕ್ಷೆಯಲ್ಲ. ಅವನಿಂದ ದೀಕ್ಷೆ ಪಡೆದವನು ಮಾಡಿಸಿದ ಸ್ನಾನ ಬರಿಯ ಸ್ನಾನ. ಕೇಳಲು ಚೆನ್ನಾಗಿದೆ. ಆದರೆ ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಕಳಚಿತು. ಮಗುವಿಗೆ ಸ್ನಾನ ಮಾಡಿಸಿದ ಪಾದ್ರಿಗೆ ದೀಕ್ಷೆ ಕೊಟ್ಟ ಬಿಷಪ್ಪನಿಗೆ ದೀಕ್ಷೆ ಕೊಟ್ಟವನು ಯಾರು, ಅವನು ಗುಟ್ಟಾಗಿ ಏನು ಮಾಡಿದ್ದ, ತಾಯಿ ಹೇಗೆ ತಿಳಿಯಬೇಕು? ನದೀಮೂಲ ಋಷಿಮೂಲ ಹುಡುಕಬಾರದೆಂದು ನಮ್ಮಲ್ಲಿ ಹೇಳುವುದು ಇದಕ್ಕೇ ಇರಬೇಕು. 314ರಲ್ಲಿ ಆರ್ಲ್ ನಗರದಲ್ಲಿ ಕೂಡಿದ ಬಿಷಪ್ಪರು ಬಹಳ ವಿವೇಕದ ತೀರ್ಮಾನ ಕೊಟ್ಟರು: ಗ್ರಂಥ ಒಪ್ಪಿಸಿದನೆಂದು ಸರಕಾರಿ ದಾಖಲೆಯಿಂದ ರುಜುವಾತಾದರೆ ಅವನನ್ನು ಪೀಠದಿಂದ ಇಳಿಸಿರಿ, ಆದರೆ ಅವನು ಕೊಟ್ಟ ದೀಕ್ಷೆಗಳು ನಿಲ್ಲುತ್ತವೆ. ಮರುವರ್ಷ ವಿಚಾರಣೆಯಲ್ಲಿ ಫೆಲಿಕ್ಸ್ ನಿರ್ದೋಷಿಯೆಂದೂ ಅವನ ಮೇಲೆ ತಂದ ಪತ್ರದಲ್ಲಿ ಖೋಟಾ ಸೇರಿಸಿದ್ದರೆಂದೂ ಹೊರಬಿತ್ತು.

ಇನ್ನೂ ದೊಡ್ಡ ಪೆಟ್ಟು 320ರಲ್ಲಿ ಬಿತ್ತು. ಸಿರ್ಟಾದ ಡೊನೇಟಿಸ್ಟ್ ಬಿಷಪ್ ಸಿಲ್ವಾನಸನಿಗೂ ಅವನ ಡೀಕನ್ ನುಂಡಿನೇರಿಯಸನಿಗೂ ಮನಸ್ತಾಪ ಬಂದು, ಡೀಕನ್ ನ್ಯಾಯಾಧಿಕಾರಿ ಝೆನೋಫಿಲಸನ ಮುಂದೆ ಹಳೆಯ ಪಂಚನಾಮೆಯನ್ನು ಓದಿಸಿದ. ಮೇಲೆ ಹೇಳಿದ ಪಂಚನಾಮೆ ಉಳಿದದ್ದೇ ಈ ದೂರಿನ ದೆಸೆಯಿಂದ. ಜಪ್ತಿಯ ದಿನ, ಪೀಪಾಯಿಯ ಹಿಂದೆ ಸಿಕ್ಕಿತೆಂದು ಬೆಳ್ಳಿಯ ಕರಡಿಗೆಯನ್ನೂ ಬೆಳ್ಳಿಯ ದೀಪವನ್ನೂ ಎತ್ತಿ ತಂದು ಅಧಿಕಾರಿಗೆ ಕೊಟ್ಟವನು ಬೇರೆ ಯಾರೂ ಅಲ್ಲ, ಇದೇ ಸಿಲ್ವಾನಸ್. ಶುದ್ಧ ಹಸ್ತದವರ ಪಂಕ್ತಿಯಲ್ಲಿ ಕುಳಿತು ಸಿಸಿಲಿಯನ್ನನ ವಿರುದ್ಧ ಬೇರೆ ಬಿಷಪ್ಪನನ್ನು ನಿಲ್ಲಿಸಿದವರಲ್ಲಿ ಅವನೂ ಒಬ್ಬನಾಗಿದ್ದ. ಇದರಿಂದ ಡೊನೇಟಸನ ಪಕ್ಷ ಕುಗ್ಗಲಿಲ್ಲ. ಕಾನ್‌ಸ್ಟಂಟೈನನ ಸೈನಿಕರೂ 347ರಲ್ಲಿ ಅವನ ಮಗನ ಅಧಿಕಾರಿಗಳೂ ಅವರನ್ನು ಹೊಡೆದು ಬಡಿದು, ಅವರಿಗೆ ಹೊಸ ಹುತಾತ್ಮರನ್ನು ಒದಗಿಸಿಕೊಟ್ಟರು. ಮುಂದಿನ ಪೀಳಿಗೆಯ ಹೊತ್ತಿಗೆ ಆಫ್ರಿಕದ ಅನೇಕ ಊರುಗಳಲ್ಲಿ ಅವರೇ ಬಹುಸಂಖ್ಯಾತರು.

ಅಂಥ ಊರುಗಳಲ್ಲಿ ಒಂದು ಹಿಪ್ಪೊ, ಈಗಿನ ಅನ್ನಾಬಾ. 391ರಲ್ಲಿ ಅಲ್ಲಿಗೆ ಪಾದ್ರಿಯಾಗಿ ಬಂದ ಆಗಸ್ಟಿನ್ ನಾಲ್ಕೈದು ವರ್ಷಗಳಲ್ಲಿ ಬಿಷಪ್ಪನಾದ. ಅವನು ಬರುವುದಕ್ಕೆ ಸ್ವಲ್ಪ ಮೊದಲು ಅಲ್ಲಿಯ ಡೊನೇಟಿಸ್ಟ್ ಬಿಷಪ್ ಎದುರು ಪಕ್ಷದವರಿಗೆ ಯಾರೂ ರೊಟ್ಟಿ ಸುಟ್ಟುಕೊಡಕೂಡದೆಂದು ಕಟ್ಟು ಮಾಡಿದ್ದ. ಡೀಕನ್ನನೊಬ್ಬನ ಮನೆಯಲ್ಲಿ ಬಾಡಿಗೆಗಿದ್ದ ರೊಟ್ಟಿಯವನು ತನ್ನ ಮನೆಯ ಯಜಮಾನನಿಗೇ ರೊಟ್ಟಿ ಮಾಡಿಕೊಡಲಿಲ್ಲವಂತೆ. ಬೆಂಕಿ ನೀರು ನಿಲ್ಲಿಸುವ ಬಹಿಷ್ಕಾರವನ್ನು ಕಂಡ ನಮಗೆ ಇದು ಹೊಸದಲ್ಲ.

ಆಗಸ್ಟಿನ್ ತನ್ನ ವಾದದ ಬೀಜವನ್ನು ಪಡೆದದ್ದು ಡೊನೇಟಿಸ್ಟನೇ ಆದ ಟೈಕೋನಿಯಸನಿಂದ. ಸಭೆ ಒಂದೇ ದೇಹ, ಅದರಲ್ಲಿ ಬಲಭಾಗವೂ ಎಡಭಾಗವೂ ಉಂಟು ಎಂದು ಬರೆದು ತನ್ನವರಿಂದಲೇ ಛೀಮಾರಿ ಹಾಕಿಸಿಕೊಂಡವನು ಅವನು. ಆದರೂ ಪಂಗಡ ಬಿಡಲಿಲ್ಲ. ಆಗಸ್ಟಿನ್ನನಿಗೆ ಇದು ಅರ್ಥವಾಗದ ಒಗಟು. ನನಗೇನೋ ಅದರಲ್ಲಿ ಅಸಂಗತ ಕಾಣುವುದಿಲ್ಲ. ದೋಷವಿರುವ ಮನೆಯನ್ನು ಬಿಡಬಾರದೆಂಬ ತನ್ನ ಮಾತನ್ನು ಅವನು ನಡೆಸಿ ತೋರಿಸಿದ. ಆಗಸ್ಟಿನ್ ಸಭೆಯನ್ನು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ತಂದು ಸೇರಿಸಿದ ಛತ್ರಕ್ಕೆ ಹೋಲಿಸುತ್ತಿದ್ದ. ಛತ್ರದಲ್ಲಿರುವವರು ಇನ್ನೂ ಗುಣ ಹೊಂದುತ್ತಿರುವವರು. ಗುಣವಾದವರನ್ನು ಮಾತ್ರ ಸೇರಿಸುವ ಛತ್ರ ಇದ್ದರೇನು, ಇಲ್ಲದಿದ್ದರೇನು?

ಸುಮಾರು 400ರಲ್ಲಿ ಕಾರ್ಥೇಜಿನ ಡೀಕನ್ ಡಿಯೊಗ್ರಾಷಿಯಾಸ್ ಒಂದು ಸಲಹೆ ಕೇಳಿದ: ಹೊಸಬರು ಬಂದಾಗ ಏನು ಹೇಳಲಿ, ನನ್ನ ಮಾತು ನನಗೇ ಸಪ್ಪೆಯೆನಿಸುತ್ತದೆ. ಉತ್ತರವಾಗಿ ಆಗಸ್ಟಿನ್ ಒಂದು ಚಿಕ್ಕ ಪುಸ್ತಕವನ್ನೇ ಬರೆದ. ಹೊಸಬನಿಗೆ ಮೊದಲೇ ಎಚ್ಚರಿಸು ಎನ್ನುತ್ತಾನೆ: ಒಳಗೆ ಬಂದರೆ ಕುಡುಕರನ್ನು ಕಾಣುವೆ, ಜಿಪುಣರನ್ನು, ಮೋಸಗಾರರನ್ನು, ಜೂಜುಗಾರರನ್ನು, ಹಾದರಿಗರನ್ನು, ತಾಯಿತ ಕಟ್ಟಿಕೊಂಡವರನ್ನು, ಜೋಯಿಸರ ಮನೆಗೆ ಅಲೆಯುವವರನ್ನು ಕಾಣುವೆ, ನಮ್ಮ ಹಬ್ಬಕ್ಕೆ ಚರ್ಚು ತುಂಬುವ ಜನವೇ ಬೇರೆಯವರ ಹಬ್ಬಕ್ಕೆ ನಾಟಕಶಾಲೆಯನ್ನೂ ತುಂಬುತ್ತದೆ. ಅವರನ್ನು ನೋಡಿ ಹಿಂಜರಿಯಬೇಡ, ಅವರಂತೆ ಆಗಲೂ ಬೇಡ. ಒಳ್ಳೆಯವರೂ ಇಲ್ಲಿ ಬಹಳ ಮಂದಿ ಇದ್ದಾರೆ, ನೀನೇ ಒಳ್ಳೆಯವನಾದರೆ ಅವರು ಕಣ್ಣಿಗೆ ಬೀಳುತ್ತಾರೆ. ಹೊಸಬನಿಗೆ ತನ್ನ ಮನೆಯ ಕೊರತೆಗಳ ಪಟ್ಟಿ ಓದಿ ಸ್ವಾಗತಿಸುವ ಧರ್ಮಗುರುಗಳು ಅಪೂರ್ವ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಆಫ್ರಿಕದಲ್ಲಿ ಬಿಷಪ್ ಕುಳಿತು ಮಾತಾಡುತ್ತಿದ್ದ, ಜನ ನಿಂತು ಕೇಳುತ್ತಿದ್ದರು. ಕೇಳುವವನು ಆಕಳಿಸಿದರೆ ಸಿಟ್ಟಾಗಬೇಡ, ಕಾಲು ಸೋತಿರಬಹುದು, ಕುಳಿತುಕೋ ಎಂದು ಪೀಠ ಹಾಕು. ಸಮುದ್ರದಾಚೆಯ ಕೆಲವು ಕಡೆ ಜನರಿಗೂ ಆಸನವುಂಟು, ಅದೇ ಸರಿ ಎನ್ನುತ್ತಾನೆ. ತತ್ತ್ವಗ್ರಂಥಗಳ ರಾಶಿಯ ನಡುವೆ ಈ ಒಂದು ಮಣೆಯನ್ನು ಕಂಡಾಗ ನನಗೆ ಆಗಸ್ಟಿನ್ ಹತ್ತಿರದವನೆನಿಸಿದ.

411ರ ಜೂನಿನಲ್ಲಿ ಚಕ್ರವರ್ತಿಯ ಪ್ರತಿನಿಧಿ ಮಾರ್ಸೆಲಿನಸ್ ಎರಡು ಪಕ್ಷಗಳನ್ನೂ ಕಾರ್ಥೇಜಿಗೆ ಕರೆಸಿದ. ಸ್ಥಳ ಗಾರ್ಗಿಲಿಯಸನ ಸ್ನಾನಗೃಹದ ಸಭಾಂಗಣ. ಎರಡು ಕಡೆಯಿಂದಲೂ ಇನ್ನೂರೆಂಬತ್ತರ ಆಸುಪಾಸು ಬಿಷಪ್ಪರು ಬಂದಿದ್ದರು. ಕುಳಿತುಕೊಳ್ಳಿ ಎಂದರೆ ಡೊನೇಟಿಸ್ಟರು ಕೂರಲಿಲ್ಲ. ದುಷ್ಟರ ಜೊತೆ ಕೂರಬಾರದೆಂದು ಕೀರ್ತನೆಯಲ್ಲಿದೆ ಎಂದರು. ಮಾರ್ಸೆಲಿನಸ್ ಸಭ್ಯ, ಹಿರಿಯರು ನಿಂತಿರುವಾಗ ತಾನೂ ಕೂರುವುದಿಲ್ಲವೆಂದು ಎದ್ದು ನಿಂತ. ಮಾತು ಹಣಜಿಯ ಸಾಮ್ಯಕ್ಕೆ ಬಂತು. ಹೊಲವೆಂದರೆ ಲೋಕ ಎಂದು ಕ್ರಿಸ್ತನೇ ಹೇಳಿದ್ದಾನೆ, ಸಭೆಯೆಂದಲ್ಲ ಎಂದು ಡೊನೇಟಿಸ್ಟರ ವಾದ. ಸಭೆ ಲೋಕವೆಲ್ಲ ಹಬ್ಬಿರುವುದರಿಂದ ಹೊಲವೂ ಸಭೆಯೂ ಒಂದೇ ಎಂದು ಆಗಸ್ಟಿನ್ ಕಡೆಯ ಉತ್ತರ. ಶಬ್ದಾರ್ಥದಲ್ಲಿ ಡೊನೇಟಿಸ್ಟರದೇ ಸರಿಯೆಂದು ನನ್ನ ಅಭಿಪ್ರಾಯ. ಅನುಭವದಲ್ಲಿ ಆಗಸ್ಟಿನ್ನನದು, ಸಿಲ್ವಾನಸನ ಪೀಪಾಯಿಯನ್ನು ಮರೆಯುವಂತಿಲ್ಲ. ತೀರ್ಪು ಡೊನೇಟಿಸ್ಟರ ವಿರುದ್ಧವಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಗಸ್ಟಿನ್ ಮೊದಲು ಬಲವಂತಕ್ಕೆ ವಿರೋಧಿಯಾಗಿದ್ದ, ಮಾತಿನಿಂದಲೇ ಗೆಲ್ಲಬೇಕೆನ್ನುತ್ತಿದ್ದ. ಎದುರು ಪಕ್ಷದ ದೊಣ್ಣೆಯ ತಂಡಗಳು ಅವನನ್ನೇ ದಾರಿಯಲ್ಲಿ ಕಾದದ್ದುಂಟು. ದಾರಿ ತೋರಿಸುವವನು ದಾರಿ ತಪ್ಪಿದ್ದರಿಂದ ಬದುಕಿಕೊಂಡ. 408ರ ಹೊತ್ತಿಗೆ ಅವನ ಮನಸ್ಸು ಬದಲಾಗಿತ್ತು. ಕಾನೂನಿನ ಹೆದರಿಕೆಗೆ ಬಂದವರು ಆಮೇಲೆ ನಿಜವಾಗಿ ಸೇರಿಕೊಂಡುದನ್ನು ಕಣ್ಣಾರೆ ಕಂಡೆನೆಂದು ಬರೆದ. ಔತಣದ ಸಾಮ್ಯದಲ್ಲಿ ಯಜಮಾನ ಜನರನ್ನು ಬಲವಂತಮಾಡಿ ಕರೆತರಲು ಹೇಳಿದ ಮಾತನ್ನು ಆಧಾರ ಹಿಡಿದ. 412ರ ಆಜ್ಞೆ ಡೊನೇಟಿಸ್ಟರ ಮೇಲೆ ದಂಡ ಹಾಕಿತು, ಅವರ ಮಂದಿರಗಳನ್ನು ಕಿತ್ತುಕೊಂಡಿತು. ಸುಮಾರು 420ರಲ್ಲಿ ಟಿಮ್‌ಗಾಡಿನ ಬಿಷಪ್ ಗೌಡೆನ್ಷಿಯಸ್, ಸೈನಿಕರು ಬಂದರೆ ನಾನೂ ನನ್ನವರೂ ಮಂದಿರಕ್ಕೆ ಬೆಂಕಿ ಹಚ್ಚಿಕೊಂಡು ಸಾಯುತ್ತೇವೆಂದ. ಹೊಲದೊಳಗಿನ ಹಣಜಿಗೆ ಸುಗ್ಗಿಯವರೆಗೆ ತಾಳ್ಮೆ. ಬೇಲಿಯಾಚೆಗೆ ನಿಂತವನಿಗೆ ಮಾತ್ರ ಒಂದು ದಿನದ ಗಡುವಿಲ್ಲ! ಆಗಸ್ಟಿನ್ ಮರಣದಂಡನೆ ಬೇಡವೆಂದು ಮಾರ್ಸೆಲಿನಸನಿಗೆ ಬೇಡಿಕೊಂಡಿದ್ದ, ಅದನ್ನು ಅವನ ಪರವಾಗಿ ಹೇಳಬೇಕು. ಆದರೆ ಬಲವಂತವಾಗಿ ಕರೆತರಬಹುದೆಂಬ ಅವನ ವಾದವನ್ನು ಮುಂದಿನ ಸಾವಿರ ವರ್ಷ ಅವನಷ್ಟು ಮರುಕವಿಲ್ಲದವರು ಬಳಸಿಕೊಂಡರು. ಸ್ವಾಗತಕ್ಕೂ ಎಳೆದು ತರುವುದಕ್ಕೂ ಇರುವ ಅಂತರವನ್ನು ಅಷ್ಟು ದೊಡ್ಡ ಬುದ್ಧಿ ಮರೆತದ್ದು ಕ್ರೈಸ್ತ ಚರಿತ್ರೆಯ ದೊಡ್ಡ ನೋವುಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಮಾರ್ಸೆಲಿನಸನ ಗತಿಯೂ ನೆಟ್ಟಗಾಗಲಿಲ್ಲ. ರಾಜದ್ರೋಹದ ಸಂಶಯಕ್ಕೆ ಸಿಕ್ಕಿ 413ರಲ್ಲಿ ಅವನ ತಲೆ ಹೋಯಿತು.

ಆಗಸ್ಟಿನ್ನನ ಸ್ವಂತ ಮನೆಯೂ ಹಣಜಿಯಿಂದ ಹೊರತಾಗಿರಲಿಲ್ಲ. ಅವನ ಜೊತೆ ವಾಸಿಸುವ ಪಾದ್ರಿಗಳು ಸ್ವಂತ ಆಸ್ತಿ ಇಟ್ಟುಕೊಳ್ಳುವಂತಿರಲಿಲ್ಲ. ಜನುವರಿಯಸ್ ಎಂಬವನು ಸತ್ತಾಗ ನೋಡಿದರೆ ಉಯಿಲು ಬರೆದಿಟ್ಟಿದ್ದ! ಹಣವನ್ನು ಸಭೆಗೇ ಬರೆದಿದ್ದ. ಮಕ್ಕಳಿಬ್ಬರನ್ನು ಬಿಟ್ಟು ಹೀಗೆ ಬರೆದ ಹಣ ಬೇಡವೆಂದು ಆಗಸ್ಟಿನ್ ತಳ್ಳಿದ. 425–26ರ ಚಳಿಗಾಲದಲ್ಲಿ ಜನರ ಮುಂದೆ ನಿಂತು ಇದನ್ನೆಲ್ಲ ಬಿಚ್ಚಿ ಹೇಳಿ, ಮಠದ ಒಬ್ಬೊಬ್ಬರ ಲೆಕ್ಕವನ್ನೂ ಒಪ್ಪಿಸಿದ. ಆಗ ಅವನಿಗೆ ಎಪ್ಪತ್ತು ದಾಟಿತ್ತು.

430ರಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೊ ನಗರವನ್ನು ಮುತ್ತಿಗೆ ಹಾಕಿತು. ಮೂರನೆಯ ತಿಂಗಳಲ್ಲಿ ಆಗಸ್ಟಿನ್ ಜ್ವರದಿಂದ ಮಲಗಿದ. ಅವನ ಶಿಷ್ಯ ಪೊಸಿಡಿಯಸ್ ಹೇಳುವಂತೆ, ಎಷ್ಟೇ ಒಳ್ಳೆಯ ಕ್ರೈಸ್ತನಾಗಲಿ ಬಿಷಪ್ಪನಾಗಲಿ ಪ್ರಾಯಶ್ಚಿತ್ತವಿಲ್ಲದೆ ಹೋಗಬಾರದೆಂದು ಅವನು ಅನೇಕ ಸಲ ಹೇಳಿದ್ದನಂತೆ. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಯಿಸಿ ಹಾಸಿಗೆಯ ಎದುರಿನ ಗೋಡೆಗೆ ಹಚ್ಚಿಸಿದ. ವೈದ್ಯರು ಬರುವಾಗ, ಊಟ ತರುವಾಗ ಹೊರತು ಒಳಗೆ ಯಾರನ್ನೂ ಬಿಡಬೇಡಿರೆಂದ. ಹತ್ತು ದಿನ ಅವುಗಳನ್ನು ಓದುತ್ತಾ ಅಳುತ್ತಾ ಇದ್ದು, ಆಗಸ್ಟ್ 28ರಂದು ತೀರಿಕೊಂಡ. ಉಯಿಲು ಬರೆಯಲಿಲ್ಲ, ಬರೆಯುವುದಕ್ಕೆ ಆಸ್ತಿಯಿರಲಿಲ್ಲ.